ಸಾಹೇಬರಿಗೆ ಕಾಯದ ಉಪಗ್ರಹ

ನಾನು ಚಿಕ್ಕವಳಿದ್ದಾಗ ವಿಜಯನಗರ ಬಡಾವಣೆಯ ಒಂದು ತಾರಸಿಯ ಮೇಲೆ ಬಂದ ಕೋಪ ಇನ್ನೂ ಇಳಿದಿಲ್ಲ. ಮಕ್ಕಳಿಗೆ ಸಿಹಿಯಾದದ್ದನ್ನೇ ಬರೆಯಬೇಕು ಅನ್ನುತ್ತಾರೆ. ಇದು ಸಿಹಿಯಲ್ಲ, ಆದರೂ ಓದಿ.

ಆಗ ಅಪ್ಪ ಬಿನ್ನಿಪೇಟೆಯ ಬಟ್ಟೆ ಗಿರಣಿಗೆ ಕೆಲಸಕ್ಕೆ ಹೋಗುತ್ತಿದ್ದರು. ಅಕ್ಕ ಪಿಯುಸಿ ಓದುತ್ತಿದ್ದಳು. ಅವಳಿಗೆ ಹ್ಯಾಮ್ ರೇಡಿಯೊ ಹುಚ್ಚು. ಅದು ಹಾಡು ಕೇಳುವ ರೇಡಿಯೊ ಅಲ್ಲ. ಅದರಲ್ಲಿ ನಾವೂ ಮಾತಾಡಬಹುದು, ಆದರೆ ಸರ್ಕಾರದ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದಿರಬೇಕು. ಅಕ್ಕ ರಾಗಿ ರೊಟ್ಟಿ ತಟ್ಟುವಾಗಲೂ ಬಾಯಲ್ಲೇ ‘ಡಿ ಡಾ, ಡಿ ಡಾ’ ಎಂದು ಮೋರ್ಸ್ ಸಂಕೇತ ಕಲಿತು ಆ ಲೈಸೆನ್ಸ್ ತಗೊಂಡಿದ್ದಳು. ನಮ್ಮ ಬೀದಿಯಲ್ಲಿ ಅದೇನೆಂದೇ ಯಾರಿಗೂ ಗೊತ್ತಿರಲಿಲ್ಲ.

ಅವಳಿಗೆ ಒಂದೇ ಆಸೆ, ಜಪಾನನ್ನು ಮುಟ್ಟಬೇಕು. ಹ್ಯಾಮ್‌ಗಳಿಗೆಂದೇ ಬಿಟ್ಟ ಸಣ್ಣ ಉಪಗ್ರಹಗಳು ಆಗಲೂ ಇದ್ದವು. ನಾವು ಕೆಳಗಿನಿಂದ ಕಳಿಸಿದ ಮಾತನ್ನು ಅವು ಹಿಡಿದು ದೂರದ ದೇಶಕ್ಕೆ ಎಸೆಯುತ್ತವೆ. ಆದರೆ ಉಪಗ್ರಹ ನಿಲ್ಲುವುದಿಲ್ಲ. ಆಕಾಶದ ಒಂದು ಅಂಚಿನಲ್ಲಿ ಹುಟ್ಟಿ ಇನ್ನೊಂದು ಅಂಚಿನಲ್ಲಿ ಮುಳುಗುತ್ತದೆ. ನಮಗೂ ಜಪಾನಿಗೂ ಅದು ಒಟ್ಟಿಗೆ ಸಿಗುವುದು ಕೆಲವೇ ನಿಮಿಷ. ಒಂದು ಭಾನುವಾರ ಬೆಳಿಗ್ಗೆ ಆ ನಿಮಿಷಗಳಲ್ಲಿ ಮಾತಾಡೋಣ ಎಂದು ಅಲ್ಲಿನ ಒಬ್ಬ ಹೆಂಗಸು ಅಂಚೆಯಲ್ಲಿ ಒಪ್ಪಿಕೊಂಡಿದ್ದರು. ಹ್ಯಾಮ್ ಕ್ಲಬ್ಬಿನವರು ಆ ಒಂದು ದಿನಕ್ಕೆ ರೇಡಿಯೊ ಕೊಟ್ಟಿದ್ದರು, ಸೋಮವಾರ ವಾಪಸ್ ಕೊಡಬೇಕು. ಅಂದರೆ ಅಕ್ಕನಿಗಿದ್ದದ್ದು ಒಂದೇ ಅವಕಾಶ.

ನಮ್ಮದು ಶೀಟಿನ ಮನೆ. ಅದಕ್ಕೆ ಅಪ್ಪ ಬಡಾವಣೆಯ ಸಂಘದ ಕಟ್ಟಡದ ತಾರಸಿ ಕೇಳಿದರು. ಸಂಘದ ಕಾರ್ಯದರ್ಶಿ ಖುಷಿಯಾಗಿ ಒಪ್ಪಿದರು. ಆ ಭಾನುವಾರ ನಾವು ಹೋಗಿ ನೋಡಿದರೆ ಶಾಮಿಯಾನ ಎದ್ದು ನಿಂತಿದೆ. ಜಮಖಾನೆ, ಮುಂದೆ ಸೋಫಾ, ತಟ್ಟೆಯಲ್ಲಿ ಗುಲಾಬಿ ಹಾರ, ಪಾತ್ರೆಯಲ್ಲಿ ಬಿಸಿ ಉಪ್ಪಿಟ್ಟು. ಇದನ್ನು ಸಮಾರಂಭ ಮಾಡಿಬಿಟ್ಟಿದ್ದರು. ಮುಖ್ಯ ಅತಿಥಿ ಯಾರೋ ದೊಡ್ಡ ಸಾಹೇಬರಂತೆ.

ಉಪಗ್ರಹ ಹೋದ ಕಡೆಗೆ ಆಂಟೆನಾ ತಿರುಗಿಸುವುದು ನನ್ನ ಕೆಲಸ. ಬಿದಿರಿನ ಗಳಕ್ಕೆ ಕಟ್ಟಿದ ಅಲ್ಯೂಮಿನಿಯಂ ಕಡ್ಡಿಗಳು ಬಿಸಿಲಿಗೆ ಕಾದಿದ್ದವು. ಹೇಳಿದ ಹೊತ್ತಿಗೆ ಸರಿಯಾಗಿ ರೇಡಿಯೊದ ಸರ್ರೆನ್ನುವ ಸದ್ದಿನೊಳಗಿಂದ ಒಂದು ತೆಳು ಹೆಣ್ಣುದನಿ ಎದ್ದಿತು. ಜಪಾನಿನವರು ಅಕ್ಕನನ್ನು ಕರೆಯುತ್ತಿದ್ದರು. ಅಕ್ಕ ಮೈಕಿಗೆ ಕೈ ಹಾಕಿದಳು. ಕಾರ್ಯದರ್ಶಿ ಅದರ ಮೇಲೆ ಅಂಗೈ ಇಟ್ಟರು.

“ಸ್ವಲ್ಪ ತಡ್ಕೊಳಮ್ಮ. ಸಾಹೇಬ್ರು ಮನೆ ಬಿಟ್ಟಿದಾರಂತೆ.”

“ಸಾರ್, ಉಪಗ್ರಹ ತಡ್ಕೊಳಲ್ಲ.”

“ಉಪಗ್ರಹಕ್ಕೇನು, ನಾಳೇನೂ ಬರತ್ತೆ. ಸಾಹೇಬ್ರು ಬರ್ತಾರಾ? ಮೊದಲ್ನೇ ಮಾತು ಅವರ್ದೇ.”

“ಲೈಸೆನ್ಸ್ ಇಲ್ದೋರು ಇದ್ರಲ್ಲಿ ಮಾತಾಡೋ ಹಾಗಿಲ್ಲ ಸಾರ್.”

“ಸಾಹೇಬ್ರಿಗೇ ಲೈಸೆನ್ಸ್ ಕೇಳ್ತಾಳಲ್ಲಪ್ಪ,” ಅಂದರು ಕಾರ್ಯದರ್ಶಿ, ಜನರ ಕಡೆ ತಿರುಗಿ. ಜಮಖಾನೆಯ ಮೇಲಿದ್ದವರೆಲ್ಲ ನಕ್ಕರು. ಅಪ್ಪ ಮೂಲೆಯಲ್ಲಿ ಕೈ ಕಟ್ಟಿ ನಿಂತಿದ್ದರು. ತಾರಸಿ ಕೊಟ್ಟವರ ಮುಂದೆ ಏನು ಹೇಳುವುದು?

ಆ ದನಿ ಕರೆಯುತ್ತಲೇ ಇತ್ತು. ನಾನು ಗಳವನ್ನು ತಿರುಗಿಸುತ್ತಲೇ ಇದ್ದೆ. ಅಕ್ಕ ರೇಡಿಯೊದ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾ, ಜಾರುತ್ತಿದ್ದ ಸ್ವರವನ್ನು ಹಿಡಿದುಕೊಂಡಿದ್ದಳು. ಕಣ್ಣಲ್ಲಿ ನೀರು. ಸೋಫಾ ಖಾಲಿ. ಕೊನೆಗೆ ಅವಳು ಮೈಕನ್ನು ಕಿತ್ತುಕೊಂಡು ಮಾತಾಡಿಯೇಬಿಟ್ಟಳು. ಅವಳದೇ ದನಿ ಆಕಾಶದಿಂದ ತಿರುಗಿ ನಮ್ಮ ರೇಡಿಯೊಗೆ ಬಂತು. ಅಂದರೆ ಮಾತು ಮೇಲೆ ತಲುಪಿತ್ತು. ಜಪಾನಿನವರು ಹಿಗ್ಗಿ, ‘ನಿಮ್ಮ ದನಿ ಕೇಳ್ತಿದೆ, ನಿಮ್ಮ ಸಿಗ್ನಲ್...’ ಎಂದು ಶುರು ಮಾಡಿದರು. ಅಷ್ಟರಲ್ಲಿ ಉಪಗ್ರಹ ಮುಳುಗಿ ದನಿ ಅಡಗಿತು. ಮತ್ತೆ ಬರೀ ಸರ್ರೆನ್ನುವುದು.

ಮಕ್ಕಳೇ, ಹ್ಯಾಮ್‌ಗಳಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇದೆ. ದನಿ ಎಷ್ಟು ಚೆನ್ನಾಗಿ ಕೇಳಿತು ಎಂದು ಇಬ್ಬರೂ ಹೇಳಬೇಕು, ಇಬ್ಬರೂ ‘ಸಿಕ್ಕಿತು’ ಅನ್ನಬೇಕು. ಅರ್ಧ ಆದದ್ದು ಲೆಕ್ಕಕ್ಕಿಲ್ಲ. ಅಕ್ಕನದು ಅರ್ಧವೇ ಆಗಿತ್ತು.

ಎಲ್ಲ ಮುಗಿದ ಮೇಲೆ ಕೆಳಗೆ ಕಾರಿನ ಹಾರ್ನ್ ಕೇಳಿತು. ಸಾಹೇಬರು ಹತ್ತಿ ಬಂದರು, ಹಾರ ಹಾಕಿಸಿಕೊಂಡರು.

“ಇನ್ನೊಂದ್ಸಲ ಮಾಡಮ್ಮ,” ಅಂದರು ಕಾರ್ಯದರ್ಶಿ.

“ಅದು ಆಗ್ಲೇ ಸಮುದ್ರದ ಮೇಲೆ ಹೋಯ್ತು ಸಾರ್.”

“ಹೋಗ್ಲಿ ಬಿಡು. ಸಾಹೇಬ್ರು ಮೈಕ್ ಹಿಡ್ಕೊಳ್ಲಿ, ಒಂದು ಫೋಟೊ ತೆಗ್ಯೋಣ. ಮಾತಾಡಿದ ಹಾಗೇ ಇರತ್ತೆ.”

ಆಗ ಅಪ್ಪ ಮೂಲೆಯಿಂದ ಬಂದರು. ಮೈಕಿನ ತಂತಿ ಬಿಚ್ಚಿ, ನಿಧಾನವಾಗಿ ಮೊಣಕೈಗೆ ಸುತ್ತಿಕೊಂಡರು. “ಮಾತಾಡ್ದೆ ಮಾತಾಡಿದ ಹಾಗೆ ಯಾಕೆ ಸಾರ್? ನಮ್ಮ ಹುಡುಗಿ ಮಾತಾಡ್ತಿದ್ಲು, ನೀವು ಬಿಡ್ಲಿಲ್ಲ,” ಅಂದರು. ನಾವು ಉಪ್ಪಿಟ್ಟು ತಿನ್ನದೆ, ಆಂಟೆನಾ ಹೊತ್ತುಕೊಂಡು ಮನೆಗೆ ನಡೆದೆವು.

ಅಕ್ಕನ ಓದು ಪಿಯುಸಿಗೇ ನಿಂತಿತು. ಅವಳು ಜಪಾನನ್ನು ಮುಟ್ಟಲೇ ಇಲ್ಲ. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಹಗಲು ಕೆಲಸ, ಸಂಜೆ ಕಾಲೇಜು ಮಾಡಿ ಗಳಿಸಿದ್ದು, ಹೆಮ್ಮೆಯಿಂದಲೇ ಹೇಳುತ್ತೇನೆ. ಆ ಡಿಗ್ರಿ ಕೊಡುವ ದಿನವೂ ಅತಿಥಿಗಳು ಬರಲಿಲ್ಲವೆಂದು ನಮ್ಮನ್ನು ಬಿಸಿಲಲ್ಲಿ ಕೂರಿಸಿದ್ದರು.

ಈಗ ನಮ್ಮ ಮನೆಯ ಮಕ್ಕಳಾದ ನೀವು ರಾಜರಾಜೇಶ್ವರಿನಗರದ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ, ಉಪಗ್ರಹ ಎಲ್ಲಿದೆ ಎಂದು ಫೋನಿನಲ್ಲಿ ನೋಡಿಕೊಂಡು, ಉಕ್ಕಿನ ಅಳತೆ ಟೇಪು ಕತ್ತರಿಸಿ ಮಾಡಿದ ಆಂಟೆನಾವನ್ನು ಒಂದೇ ಕೈಯಲ್ಲಿ ಹಿಡಿದು ನಿಲ್ಲುತ್ತೀರಿ. ಅಂಗೈಯಷ್ಟು ರೇಡಿಯೊ, ನಿಮ್ಮದೇ. ನೋಡಿದರೆ ಹೊಟ್ಟೆ ತುಂಬುತ್ತದೆ. ಆಕಾಶ ನಿಮಗೆ ಎಷ್ಟೊಂದು ಸುಲಭವಾಯಿತು! ನೆಲದ ಮೇಲಿನದು ಮಾತ್ರ ಹಾಗೇ ಇದೆ. ಹೋದ ವರ್ಷ ನಿಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಬಂದಿದ್ದೆ. ಜರಿ ಬಟ್ಟೆ ಹಾಕಿಕೊಂಡು, ಮುಖಕ್ಕೆ ಬಣ್ಣ ಮೆತ್ತಿಕೊಂಡು ನೀವೆಲ್ಲ ಬೆವರುತ್ತಾ ಕೂತಿದ್ದಿರಿ. ಅತಿಥಿಗಳು ಇನ್ನೂ ಬಂದಿರಲಿಲ್ಲ.

ಆವತ್ತು ನಾನು ವೇದಿಕೆ ಹತ್ತಿ, ಎಲ್ಲರೆದುರಿಗೇ ನಿಮ್ಮ ಮೇಡಂ ಹತ್ತಿರ “ಮಕ್ಕಳ ಡ್ಯಾನ್ಸ್ ಶುರು ಮಾಡಿ” ಎಂದು ಜಗಳ ಆಡಿದೆನಲ್ಲ, ನಿಮಗೆ ನಾಚಿಕೆಯಾಯಿತಲ್ಲ. ಆಗಲಿ. ಮುಂದಿನ ಸಲವೂ ಆಡುತ್ತೇನೆ.