ಹಸಿರು ಬಲೆಯೊಳಗೆ ತಂಗಿಯ ಕೈಗಳು

ಹೋದ ವರ್ಷ ಮಾರ್ಚ್ ತಿಂಗಳಲ್ಲಿ, ತಂಗಿಗೆ ಮದುವೆಯ ಬಳೆ ಇಡಿಸುವ ಹಿಂದಿನ ದಿನ, ಮಧ್ಯಾಹ್ನದ ಊಟವಾದ ಮೇಲೆ ನಾನು ಅಥಣಿಯ ಹತ್ತಿರದ ನಮ್ಮ ತೋಟದಲ್ಲಿ, ಒಣದ್ರಾಕ್ಷಿ ಶೆಡ್ಡಿನೊಳಗೆ, ಬಡಗಣ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದೆ. ಸುತ್ತಲೂ ಇಳಿಬಿಟ್ಟ ಹಸಿರು ಬಲೆಯಿಂದ ಬಿಸಿಲು ಸೋಸಿ ಬರುತ್ತಿತ್ತು. ನಮ್ಮಲ್ಲಿ ದ್ರಾಕ್ಷಿಯನ್ನು ಬಿಸಿಲಿಗೆ ಹಾಕುವುದಿಲ್ಲ, ಕಪ್ಪಾಗುತ್ತದೆ. ಎಣ್ಣೆ, ಕ್ಷಾರದ ಬಿಳಿ ಪುಡಿ ಕದಡಿದ ನೀರಿನಲ್ಲಿ ಗೊನೆ ಅದ್ದಿ ನೆರಳಿನಲ್ಲಿ ಹರಡುತ್ತೇವೆ. ಬರೀ ಗಾಳಿಗೆ ಒಣಗಿ ಅದು ತಿಳಿ ಹಸಿರಾಗಿಯೇ ಉಳಿಯುತ್ತದೆ. ಆ ಹೊತ್ತಿನಲ್ಲಿ ಉಸಿರಾಡುವ ಗಾಳಿಯೂ ಸಿಹಿ. ಕೆರೆಯ ತಳದಲ್ಲಿ ನಿಂತ ಹಾಗೆ ಅನ್ನಿಸುತ್ತಿತ್ತು.

ತಂಗಿ ಅದ್ದುವ ಟಬ್ಬಿನ ಮುಂದೆ ಕೂತಿದ್ದಳು. ಬಿಸಿಲಿನಲ್ಲಿ ಗೊನೆ ಕೊಯ್ದು ಕೊಯ್ದು ಅವಳ ಕೈ ಮೊಣಕೈಯಿಂದ ಕೆಳಗೆ ಕಪ್ಪಾಗಿತ್ತು, ಗೆರೆ ಎಳೆದಂತೆ ಮೇಲೆ ಬೇರೆಯೇ ಬಣ್ಣ. ಬೇರೆ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ಹಾಕುತ್ತಾರೆ. ಇವಳಿಗೆ ಸೆಕೆ. "ಯಾರದೋ ಕೈ ತಂದು ಜೋಡಿಸಿದಂಗ ಐತಲ್ಲ ಬೇ," ಎಂದು ನಮ್ಮ ಆಯಿ, ಅವ್ವನ ತಾಯಿ, ಬೆಳಿಗ್ಗೆ ನಕ್ಕಿದ್ದಳು. ಇವಳು ನಕ್ಕಿರಲಿಲ್ಲ. ಮರುದಿನ ರಾಯಬಾಗದಿಂದ ಗಂಡಿನ ಕಡೆಯವರು ಬರುವವರಿದ್ದರು. ಬಳೆ ಇಡುವಾಗ ಎಲ್ಲರ ಕಣ್ಣೂ ಆ ಕೈಗಳ ಮೇಲೆಯೇ.

"ಅಣ್ಣಾ, ದ್ರಾಕ್ಷಿ ಬಣ್ಣ ಉಳಿಸ್ಕೊಂತೈತಿ. ಕೈ ಯಾಕ ಉಳಿಸ್ಕೊಳಂಗಿಲ್ಲ?"

ಚೇಷ್ಟೆ ಮಾಡುತ್ತಿದ್ದಾಳೆ ಅಂದುಕೊಂಡೆ. ಅವಳು ಇನ್ನೂ ನೀರು ಬೆರೆಸಿ ತೆಳುವಾಗಿಸದ ಆ ಗಟ್ಟಿ ದ್ರಾವಣದಲ್ಲಿ ಎರಡೂ ಕೈ ಅದ್ದಿ, ನಿಧಾನವಾಗಿ ಮೇಲೆತ್ತಿ ಹಿಡಿದಳು. ಕೈಯಿಂದ ಹನಿಗಳು ಇಳಿಯುತ್ತಿದ್ದವು. ಮೊಣಕೈಯ ಗೆರೆ ಕಾಣಲಿಲ್ಲ. ನನಗೂ ಕಾಣಲಿಲ್ಲ. ಆ ಬೆಳಕಿನಲ್ಲಿ ಕಂಬ, ಕೈ, ಗೊನೆ ಎಲ್ಲವೂ ಒಂದೇ ಹಸಿರು.

"ಬಣ್ಣ ಹತ್ತಿತು ನೋಡಣ್ಣಾ!" ಎಂದು ಮತ್ತೆ ಅದ್ದಿದಳು. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ "ತಡಿ, ಬಿಸಿಲಾಗ ನೋಡ್ತೀನಿ" ಎಂದು ಬಲೆ ಸರಿಸಿ ಹೊರಗೆ ಹೋದಳು.

ಹೊರಗೆ ಗೆರೆ ಇದ್ದಲ್ಲೇ ಇತ್ತು. ಅದರ ಕೆಳಗೆ ಚರ್ಮ ಕೆಂಪಾಗಿ ಏಳುತ್ತಿತ್ತು. "ಅಣ್ಣಾ, ಉರಿಯಾಕತ್ತೈತಿ..." ಅವಳ ದನಿ ಬಹಳ ದೂರದಿಂದ ಬಂದಂತಿತ್ತು.

ನೀರಿನ ಟಾಕಿಯ ಹತ್ತಿರವಿದ್ದ ಆಯಿ ಓಡಿ ಬಂದಳು. "ನಿಂತು ಏನ್ ನೋಡ್ತಿಯೋ? ಪೈಪ್ ಹಚ್ಚಲೇ!" ನೀರು ಬಿಟ್ಟೆವು, ಬಿಡುತ್ತಲೇ ಇದ್ದೆವು.

ಸಂಜೆ ಅಥಣಿಯ ಡಾಕ್ಟರು ಮುಲಾಮು ಹಚ್ಚಿ ಹೇಳಿದರು: "ಬಿಸಿಲಿನ ಕಪ್ಪು ತಿಕ್ಕಿದ್ರ ಹೋಗಂಗಿಲ್ರಿ. ಕೈ ಮುಚ್ಕೊಂಡು ಹೋಗ್ರಿ, ಬರಬರ್ತಾ ತಿಳಿ ಆಗ್ತೈತಿ."

ಮರುದಿನ ತಂಗಿಯ ಮಣಿಕಟ್ಟು ಬಾತಿತ್ತು, ಬಳೆ ಏರುವಂತಿರಲಿಲ್ಲ. ಅವಳು ಕೈಗಳನ್ನು ಸೆರಗಿನಲ್ಲಿ ಅಡಗಿಸಿಕೊಂಡು ಕೂತಳು. ಗಂಡಿನ ತಾಯಿ ಸೆರಗು ಸರಿಸಿ ನೋಡಿದರು. ತಮ್ಮ ಕುಪ್ಪಸದ ತೋಳನ್ನು ಮೇಲಕ್ಕೆ ಸರಿಸಿದರು. ಅಲ್ಲಿಯೂ ಅದೇ ಗೆರೆ.

"ಕಬ್ಬಿನಾಗ ದುಡಿದ ಕೈ ನಂದು. ಬಾವು ಇಳೀಲಿ ತಗೋ, ಬಳಿ ಎಲ್ಲಿ ಓಡಿ ಹೊಕ್ಕಾವ?"

ಬಾವು ಇಳಿದ ಮೇಲೆ ಬಳೆ ಇಟ್ಟರು, ಅಂಗಳದಲ್ಲಿ, ಹಗಲು ಬೆಳಕಿನಲ್ಲಿ.

ಆ ಮಧ್ಯಾಹ್ನ ತೋಟದಲ್ಲಿ ನನ್ನ ಜೊತೆ ಇದ್ದವರು ಇಬ್ಬರು, ಇಬ್ಬರೂ ಚೆನ್ನಾಗಿದ್ದಾರೆ. ಆಯಿ ಈಗಲೂ ಅದೇ ಟಾಕಿಯ ಹತ್ತಿರ ಕೂರುತ್ತಾಳೆ. ತಂಗಿ ರಾಯಬಾಗದಲ್ಲಿದ್ದಾಳೆ, ನನ್ನ ಹಳೆಯ ತುಂಬುತೋಳಿನ ಅಂಗಿ ಹಾಕಿಕೊಂಡು ಹೊಲಕ್ಕೆ ಹೋಗುತ್ತಾಳೆ.