ಗೋದಲಿಯ ಬಾಣಂತಿ

ಮೊನ್ನೆ ಸಂಜೆ ಹಿತ್ತಿಲ ಬಾಗಿಲು ತೆಗೆದೆ, ಮೂಗಿಗೆ ಹೊಗೆ ಬಡಿಯಿತು. ಕೆಂಡದ ಮೇಲೆ ಬೆಳ್ಳುಳ್ಳಿ ಸಿಪ್ಪೆ, ಓಂಕಾಳು, ಒಂದಿಷ್ಟು ಸಾಂಬ್ರಾಣಿ. ಪಕ್ಕದ ಮನೆಯಲ್ಲಿ ಬಾಣಂತಿ ಇದ್ದಾಳೆ, ಕೂಸಿಗೆ ನೀರೆರೆದು ಹೊಗೆ ಹಾಕುತ್ತಿದ್ದರು. ನಮ್ಮ ವಿದ್ಯಾನಗರದಲ್ಲಿ ಈಗ ಇದನ್ನೆಲ್ಲ ಯಾರು ಮಾಡುತ್ತಾರೆ? ಹೊಗೆ ಬೇಡ, ಎಣ್ಣೆ ಬೇಡ ಎನ್ನುವ ಡಾಕ್ಟರುಗಳು ಬೀದಿಗೆ ನಾಲ್ಕು ಜನ ಇದ್ದಾರೆ. ನಾನು ಬಾಗಿಲು ಹಾಕದೆ ಅಲ್ಲೇ ನಿಂತೆ. ಡಿಸೆಂಬರಿನ ಚಳಿ, ಒಳಗೆ ಮೊಮ್ಮಕ್ಕಳು ಕ್ರಿಸ್‌ಮಸ್ಸಿಗೆ ಗೋದಲಿ ಕಟ್ಟುವ ಗದ್ದಲ... ಎದುರುಮನೆ ಅಜ್ಜಿ ನೆನಪಾದರು.

ಐವತ್ತರ ದಶಕದ ಕೊನೆಯ ಮಾತು. ನಾವಾಗ ದಾವಣಗೆರೆಯ ಹಳೇ ಊರಿನಲ್ಲಿ, ಗಿರಣಿಯ ಕೂಗು ಕೇಳಿಸುವ ಓಣಿಯಲ್ಲಿದ್ದೆವು. ಅಪ್ಪ ಶಾಲೆಯ ಮೇಷ್ಟ್ರು. ಓಣಿಗೆಲ್ಲ ನಮ್ಮದೊಂದೇ ಕ್ರೈಸ್ತರ ಮನೆ. ಎದುರಿಗೆ ಲಿಂಗಾಯತರ ದೊಡ್ಡ ಮನೆ. ಹತ್ತಿ ವ್ಯಾಪಾರ, ಆನೆಕೊಂಡದ ಕಡೆ ಹೊಲ. ಅಜ್ಜಿ ಆ ಮನೆಯ ಯಜಮಾನಿ. ಗಂಡ ತೀರಿಕೊಂಡ ಮೇಲೆ ಇಬ್ಬರು ಗಂಡುಮಕ್ಕಳನ್ನೂ ಸೊಸೆಯರನ್ನೂ ಆಳುಕಾಳುಗಳನ್ನೂ ಬರೀ ಕಣ್ಣಿನಲ್ಲೇ ಆಳುತ್ತಿದ್ದರು. ನಮ್ಮ ಮನೆಗೆ ಬಂದರೆ ಕೈಯಲ್ಲಿ ತಮ್ಮದೇ ನೀರಿನ ಚೊಂಬು. ಅಮ್ಮನ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ. ಪ್ರೀತಿ ಬೇರೆ, ನೀರು ಬೇರೆ, ಅಷ್ಟೇ. ಅಮ್ಮನೂ ಜಾಣೆ, ಹಬ್ಬಕ್ಕೆ ಎಲ್ಲರಿಗೂ ಕರ್ಜಿಕಾಯಿ ಕಳಿಸಿದರೆ ಅಜ್ಜಿಗೆ ಮಾತ್ರ ಮೊರದಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಬೆಲ್ಲ.

ಕ್ರಿಸ್‌ಮಸ್ ಬಂತೆಂದರೆ ಪಡಸಾಲೆಯ ಮೂಲೆಯಲ್ಲಿ ನಾವು ಗೋದಲಿ ಕಟ್ಟುತ್ತಿದ್ದೆವು. ಯೇಸು ದನದ ಕೊಟ್ಟಿಗೆಯಲ್ಲಿ ಹುಟ್ಟಿದನಲ್ಲ, ಅದರ ಗುರುತು. ಜೋಳದ ದಂಟಿನ ಗೋಡೆ, ತಟ್ಟೆಯಲ್ಲಿ ಮೊಳಕೆ ಬರಿಸಿದ ಎಳೇ ರಾಗಿ ಪೈರು, ಹುಲ್ಲಿನ ಮೇಲೆ ಮಣ್ಣಿನ ಬಾಲಯೇಸು, ಪಕ್ಕದಲ್ಲಿ ಮರಿಯಮ್ಮ, ಜೋಸೆಫರು, ಕಿವಿ ಮುರಿದ ಒಂದು ಹಸು. ಹಬ್ಬದ ಬೆಳಿಗ್ಗೆ ಅಜ್ಜಿ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಧರಿಸಿ ನೋಡಲು ಬರುತ್ತಿದ್ದರು. ಹೊಸ್ತಿಲ ಆಚೆ ಚಾಪೆ ಹಾಸಬೇಕು, ಅಲ್ಲಿಂದಲೇ ದರ್ಶನ.

ಮೊದಲ ವರ್ಷವೇ ಬೈದರು. “ಏನ್ ಜನಾನೋ ನೀವು! ನಿನ್ನೆ ಹುಟ್ಟಿದ ಕೂಸು, ನೆತ್ತಿ ಮ್ಯಾಲೆ ಒಂದು ಬಟ್ಟಿ ಇಲ್ಲ. ಆ ಹುಡುಗಿ ನೋಡು, ಬರೇ ನೆಲದಾಗೆ ಮೊಣಕಾಲೂರಿ ಕುಂತಾಳೆ. ಹಡೆದ ಸೊಂಟ ಏನಾಗ್ಬೇಕು?” ಮರುದಿನ ಹಳೇ ಇಳಕಲ್ ಸೀರೆಯ ತುಂಡಿನಲ್ಲಿ ಒಂದು ಕುಲಾವಿ ಹೊಲಿದು ತಂದರು. ಬಾಲಯೇಸುವಿಗೆ ಹಾಕಿದರೆ ಮೂಗು ಬಾಯಿ ಎಲ್ಲ ಮುಚ್ಚಿ ಗದ್ದದವರೆಗೆ ಇಳಿಯಿತು! ಚರ್ಚಿನ ಗುರುಗಳು ನೋಡಿದರೆ ಏನಂದಾರೋ ಎಂದು ಅಪ್ಪ ಗೊಣಗಿದರು. ಅಮ್ಮ ಅದನ್ನು ಮಡಚಿ, ಸೂಜಿ ಚುಚ್ಚಿ, ಹಾಕಿಯೇ ಬಿಟ್ಟಳು.

ನಾವು ಆ ಕಥೆಯನ್ನು ಹುಟ್ಟಿದಾಗಿನಿಂದ ಕೇಳಿದವರು. ದೇವದೂತರು, ನಕ್ಷತ್ರ, ಕಾಣಿಕೆ ತಂದ ಮೂವರು ರಾಯರು ಎಲ್ಲ ಬಾಯಿಪಾಠ. ಅಲ್ಲೊಬ್ಬಳು ಹಸಿ ಬಾಣಂತಿ ಇದ್ದಾಳೆ ಎಂಬುದೇ ನಮ್ಮ ತಲೆಗೆ ಹೋಗಿರಲಿಲ್ಲ ನೋಡಿ. ಅವಳಿಗೆ ನೀರು ಕಾಯಿಸಿದವರು ಯಾರು, ಹೊಟ್ಟೆಗೆ ಏನು ಕೊಟ್ಟರು, ಯಾರೂ ಕೇಳಿರಲಿಲ್ಲ. ಅಜ್ಜಿಗೆ ಅದು ಕಥೆಯಲ್ಲ, ನೆರೆಮನೆಯ ಸಮಾಚಾರ.

ಅಜ್ಜಿಗೆ ಒಬ್ಬಳೇ ಮಗಳು, ಕೊನೆಯವಳು. ನನಗೆ ಅವಳು ಅಕ್ಕ. ದಿನಾ ನನ್ನ ಎರಡು ಜಡೆ ಹೆಣೆದು ಶಾಲೆಗೆ ಕಳಿಸುತ್ತಿದ್ದಳು. ಹರಿಹರದ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುವ ಒಬ್ಬ ಹುಡುಗನನ್ನು ಮೆಚ್ಚಿ ಮದುವೆಯಾದಳು. ಬೇರೆ ಜಾತಿಯವನು, ಹಿಂದೆ ಮುಂದೆ ಯಾರೂ ಇಲ್ಲದವನು. ಆವತ್ತು ಅಜ್ಜಿ ಓಣಿಗೆಲ್ಲ ಕೇಳುವಂತೆ, “ಆಕಿ ನನ್ನ ಪಾಲಿಗೆ ಸತ್ಲು” ಎಂದು ತಲೆ ಮೇಲೆ ನೀರು ಸುರಿದುಕೊಂಡರು. ಆಮೇಲೆ ಆ ಮನೆಯಲ್ಲಿ ಅಕ್ಕನ ಹೆಸರು ಎತ್ತುವ ಧೈರ್ಯ ಯಾರಿಗೂ ಬರಲಿಲ್ಲ. ನನ್ನ ಜಡೆ ಹೆಣೆಯುವವರಿಲ್ಲ ಎಂದು ನಾನು ಅತ್ತಿದ್ದೂ ನಮ್ಮ ಮನೆಯೊಳಗೇ.

ಒಂದು ಡಿಸೆಂಬರಿನಲ್ಲಿ, ಕಡರನಾಯಕನಹಳ್ಳಿಯಿಂದ ಬೆಣ್ಣೆ ಮಾರಲು ಬರುತ್ತಿದ್ದ ಹೆಂಗಸು ಎದುರುಮನೆ ಜಗುಲಿಯಲ್ಲಿ ಕೂತು ಸುದ್ದಿ ಹೇಳಿದಳು. ಹರಿಹರದಲ್ಲಿ ಅಕ್ಕನಿಗೆ ಗಂಡುಕೂಸಾಗಿದೆ. ಹೆರಿಗೆ ಕಷ್ಟವಾಯಿತಂತೆ, ಜ್ವರ ಬಿಟ್ಟಿಲ್ಲವಂತೆ. “ಬಾಣಂತನ ಮಾಡೋರು ಯಾರೂ ಇಲ್ಲ ಅಮ್ಮಾರೆ. ಆ ಹುಡುಗನೇ ಗಂಜಿ ಕಾಸಿ ಕೊಟ್ಟು ಕೆಲಸಕ್ಕೆ ಹೊಕ್ಕಾನೆ.” ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನದು, ಕಡುಬಡವರೂ ಅದನ್ನು ತಪ್ಪಿಸುವುದಿಲ್ಲ. ಅಜ್ಜಿ ಎಲ್ಲ ಕೇಳಿಸಿಕೊಂಡರು. ಬೆಣ್ಣೆಯ ತೂಕ ಸರಿಯಿಲ್ಲ ಎಂದು ಆ ಹೆಂಗಸನ್ನೇ ಚೆನ್ನಾಗಿ ಬೈದು ಕಳಿಸಿದರು. ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ಅಮ್ಮ, “ಕಲ್ಲು ಮನಸ್ಸಲ್ಲ ಅದು, ಹಟ” ಎಂದಳು. ಬಾಣಂತಿ ಜ್ವರ ಎಂದರೆ ಆ ಕಾಲದಲ್ಲಿ ಆಟವಲ್ಲ. ಅಕ್ಕ ಉಳಿಯುತ್ತಾಳೋ ಇಲ್ಲವೋ ಎಂದು ಅಮ್ಮ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಆ ಕ್ರಿಸ್‌ಮಸ್ಸಿಗೂ ಅಜ್ಜಿ ತಪ್ಪದೆ ಬಂದರು. “ಬರ್ರಿ ಅಮ್ಮಾರೆ, ಕೂಡ್ರಿ” ಎಂದು ಅಮ್ಮ ಚಾಪೆ ಹಾಸಿದಳು. ಬೈಗುಳ ಶುರುವಾಗುತ್ತದೆ ಎಂದು ನಾವು ನಗಲು ತಯಾರಾಗಿ ನಿಂತೆವು. ಈ ಸಲ ಅಜ್ಜಿ ಚೊಂಬು ಪಕ್ಕಕ್ಕಿಟ್ಟು, ಕುತ್ತಿಗೆ ಚಾಚಿ ಮರಿಯಮ್ಮನನ್ನೇ ನೋಡಿದರು.

“ಅಲ್ಲವ್ವ, ಈ ಹುಡುಗಿಗೆ ತವರು ಅಂತ ಇದ್ದಿಲ್ಲೇನು?”

“ಇತ್ತು ಅಮ್ಮಾರೆ.”

“ಮತ್ತೆ ಯಾರೂ ಬರ್ಲಿಲ್ಲ?”

ಗ್ರಂಥದಲ್ಲಿ ಆ ವಿಚಾರ ಎಲ್ಲೂ ಬರೆದಿಲ್ಲ ಎಂದು ಹೇಳಲು ಅಪ್ಪ ಬಾಯಿ ತೆರೆದರು. ಅಮ್ಮ ಅವರ ಕಡೆ ಒಂದು ನೋಟ ಬಿಟ್ಟಳು, ಬಾಯಿ ಮುಚ್ಚಿಕೊಂಡಿತು.

“ದೂರ ಇದ್ರು... ಬರ್ಲಿಲ್ಲ” ಎಂದಳು ಅಮ್ಮ.

“ದೂರ ಇದ್ರೇನು? ಹಡೆದಾಕಿ ಕಾಲು ಸೇದಿ ಹೋಗಿದ್ವೇನು? ಮಗಳು ದನದ ಮನ್ಯಾಗೆ ಬಿದ್ದೈತೆ ಅಂದ್ರೆ ನಡ್ಕಂಡಾದ್ರೂ...”

ಮಾತು ಅಲ್ಲೇ ನಿಂತಿತು. ಯಾಕೆಂದು ಮಕ್ಕಳಾದ ನಮಗೂ ಅರ್ಥವಾಯಿತು.

ಅಮ್ಮ ಮೆಲ್ಲಗೆ ಹೇಳಿದಳು: “ಹರಿಹರ ಏನ್ ದೂರ ಅಲ್ಲ ಅಮ್ಮಾರೆ.”

ಅಬ್ಬಾ, ಅಮ್ಮನಿಗೆ ಆ ಧೈರ್ಯ ಎಲ್ಲಿಂದ ಬಂತೋ! ಅಜ್ಜಿ ಎದ್ದರು, “ನಿನ್ನ ಕೇಳಿದ್ನೇನು ನಾನು?” ಎಂದು ಸೆರಗು ಝಾಡಿಸಿ ಹೊರಟೇ ಹೋದರು. ಹಬ್ಬದ ದಿನ ತವರಿನಂಥ ನೆರೆಮನೆಯನ್ನು ಕಳೆದುಕೊಂಡೆ ಎಂದು ಅಮ್ಮ ಊಟವನ್ನೂ ಸರಿಯಾಗಿ ಮಾಡಲಿಲ್ಲ. ಸಂಜೆಯಾಗುತ್ತಲೇ ಎದುರುಮನೆಯಿಂದ ಒಣಕೊಬ್ಬರಿ, ಅಂಟು ಹುರಿಯುವ ವಾಸನೆ ಬರತೊಡಗಿತು. ಅಮ್ಮ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ.

ಮರುದಿನ ಬೆಳಿಗ್ಗೆ ಎದುರಿಗೆ ಜಟಕಾ ನಿಂತಿತ್ತು. ಒಳಗೆ ಅಂಟಿನುಂಡೆಯ ಡಬ್ಬ, ಹರಳೆಣ್ಣೆ, ಬಾಣಂತಿ ಖಾರ, ಹಳೇ ಸೀರೆಗಳ ಗಂಟು. ದೊಡ್ಡ ಮಗ ಬಾಗಿಲಲ್ಲಿ ನಿಂತು, “ಜನ ಏನಂತಾರೆ ಅವ್ವ?” ಎಂದ. “ಜನ ಬಂದು ಬಾಣಂತನ ಮಾಡ್ತಾರೇನು? ಸರಿ ಅತ್ಲಾಗೆ” ಎಂದು ಹತ್ತಿ ಕೂತರು. ನಮ್ಮ ಮನೆ ಮುಂದೆ ಜಟಕಾ ನಿಲ್ಲಿಸಿ, ಅಮ್ಮನ ಮುಖ ನೋಡದೆ ಹೇಳಿದರು: “ಮಗಳನ್ನ ಕರ್ಕಂಡು ಬರ್ತೀನಿ. ಸಾಯಂಕಾಲದೊಳಗೆ ಬಂದ್ಬಿಡ್ತೀವಿ.”

ಸಾಯಂಕಾಲ ಬರಲಿಲ್ಲ. ಮರುದಿನವೂ ಇಲ್ಲ. ಹೊಸ ವರ್ಷ ಬಂತು, ಅಜ್ಜಿ ಬರಲಿಲ್ಲ. ಅಮ್ಮನಿಗೆ ಕೆಟ್ಟ ಕೆಟ್ಟ ಯೋಚನೆ. ಜನವರಿ ಆರರ ಮೂವರು ರಾಯರ ಹಬ್ಬಕ್ಕೆ ಹರಿಹರದ ಚರ್ಚಿಗೆ ಹೋದವರು ಪೂಜೆ ಮುಗಿದ ಕೂಡಲೇ ಅಕ್ಕನ ಮನೆ ಹುಡುಕಿಕೊಂಡು ಹೊರಟೆವು.

ಒಂದು ವಠಾರದ ಕೊನೆಯಲ್ಲಿ ಒಂದೇ ಕೋಣೆ. ಬಾಗಿಲ ಹೊರಗೆ ಮೂರು ಕಲ್ಲಿನ ಒಲೆ. ಅದರ ಮುಂದೆ ಸೆರಗು ಸಿಕ್ಕಿಸಿಕೊಂಡು, ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಊದುಗೊಳವೆ ಊದುತ್ತ ಕೂತಿದ್ದರು ನಮ್ಮ ಅಜ್ಜಿ. ಮನೆಯಲ್ಲಿ ಒಂದು ಲೋಟ ತಾವಾಗಿ ಎತ್ತಿಡದಿದ್ದವರು! ಒಳಗೆ ಹೊರಸಿನ ಮೇಲೆ ಅಕ್ಕ, ಹೊರಸಿನ ಕೆಳಗೆ ಕೆಂಡ, ಅಕ್ಕನ ಮಗ್ಗುಲಲ್ಲಿ ಕೂಸು. ಜ್ವರ ಬಿಟ್ಟಿತ್ತು. ಅಕ್ಕ ನನ್ನನ್ನು ನೋಡಿ, “ಜಡೆ ಯಾರೇ ಹಾಕಿದ್ದು, ಸೊಟ್ಟ?” ಎಂದು ನಕ್ಕಳು. ನನಗೆ ಅಳು ಬಂತು.

ಅಮ್ಮ ಕೇಳಿದಳು: “ಕರ್ಕಂಡು ಬರ್ತೀನಿ ಅಂದಿದ್ರಲ್ಲ ಅಮ್ಮಾರೆ?”

“ಕರೆದೆ ಕಣವ್ವ. ಸತ್ತೋಳು ಆ ಮನಿಗೆ ಹೆಂಗೆ ಬರ್ಲಿ ಅಂದ್ಲು. ತಪ್ಪೇನೈತೆ ಆಕಿದು? ಅಂದಾಕಿ ನಾನೇ.” ಅಜ್ಜಿ ಒಲೆಗೆ ಒಂದು ಕಟ್ಟಿಗೆ ದೂಡಿದರು. “ಬರಲ್ಲ ಅಂದ್ಲು. ಅದಕ್ಕೆ ನಾನೇ ಇದ್ಬಿಟ್ಟೆ.”

ಅಷ್ಟು ಹೇಳಿ, ಅಳಿಯ ಕೊಡದಲ್ಲಿ ತುಂಬಿಸಿಟ್ಟಿದ್ದ ನೀರನ್ನು ಬಗ್ಗಿಸಿಕೊಂಡು ಗಟಗಟ ಕುಡಿದರು. ಅಮ್ಮ ನನ್ನ ಕೈ ಹಿಸುಕಿದಳು. ಅಜ್ಜಿ ಬಾಯಿ ಒರೆಸಿಕೊಂಡು, “ನಿಮ್ಮ ಕೂಸು ಹೆಂಗೈತೆ? ಕುಲಾವಿ ತೆಗೆದಿಲ್ಲ ಹೌದಿಲ್ಲೋ?” ಎಂದು ವಿಚಾರಿಸಿದರು.

ಬಾಣಂತನ ಮುಗಿಯುವವರೆಗೆ ಅಜ್ಜಿ ಆ ಕೋಣೆ ಬಿಟ್ಟು ಕದಲಲಿಲ್ಲ. ಯುಗಾದಿಗೆ ಅಕ್ಕ ತಾನಾಗಿಯೇ, “ನಡಿ ಅವ್ವ, ಮನಿಗೆ ಹೋಗಾಣ” ಎಂದಳಂತೆ. ದೊಡ್ಡ ಮಗನೇ ಜಟಕಾದಿಂದ ಕೂಸನ್ನು ಇಳಿಸಿಕೊಂಡ. ಅಳಿಯನಿಗೆ ಜಗುಲಿ ದಾಟಲು ಇನ್ನೂ ಕೆಲವು ವರ್ಷ ಬೇಕಾಯಿತು. ಅಜ್ಜಿಯೇನು ಪೂರಾ ಬದಲಾಗಲಿಲ್ಲ. ಮುಂದಿನ ಕ್ರಿಸ್‌ಮಸ್ಸಿಗೆ ನಮ್ಮ ಮನೆಗೆ ಬಂದಾಗ ಕೈಯಲ್ಲಿ ಅದೇ ಚೊಂಬು! ಹುಟ್ಟುಗುಣ ಸುಟ್ಟರೂ ಹೋಗದು ಎಂದು ಅಮ್ಮ ನಕ್ಕಳು. ಆದರೆ ಆ ವರ್ಷ ಹೊಸ್ತಿಲು ದಾಟಿ ಒಳಗೆ ಬಂದು, ಗೋದಲಿಯ ಪಕ್ಕದಲ್ಲೇ ಕೂತರು.

ಈಗ ಅಮ್ಮ ಇಲ್ಲ, ಅಕ್ಕ ಇಲ್ಲ. ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು. ನಾನು ಮದುವೆಯಾಗಿ ಪರ ಊರಿನಲ್ಲಿದ್ದೆ, ಕೊನೆಯ ಸಲ ಮುಖ ನೋಡಲೂ ಆಗಲಿಲ್ಲ. ಪ್ರತಿ ಕ್ರಿಸ್‌ಮಸ್ಸಿಗೆ ಗುರುಗಳು ಉಪದೇಶದಲ್ಲಿ ಒಂದು ಪ್ರಶ್ನೆ ಎತ್ತುತ್ತಾರೆ: ಸರ್ವಶಕ್ತನಾದ ದೇವರು ಮನುಷ್ಯರನ್ನು ತನ್ನಲ್ಲಿಗೆ ಕರೆಸಿಕೊಳ್ಳಬಹುದಿತ್ತು, ತಾನೇ ಯಾಕೆ ಇಳಿದು ಬಂದ? ಅದಕ್ಕೆ ಅವರು ದೊಡ್ಡ ದೊಡ್ಡ ಉತ್ತರ ಕೊಡುತ್ತಾರೆ. ನನ್ನ ಮಟ್ಟಿಗೆ ಉತ್ತರ ಆ ಒಲೆಯ ಮುಂದೆ ಸಿಕ್ಕಿತ್ತು. ಅವನು ಕರೆದಿದ್ದ, ನಾವು ಬರಲ್ಲ ಅಂದೆವು. ಅದಕ್ಕೆ ಅವನೇ ಬಂದು ನಮ್ಮ ಇಕ್ಕಟ್ಟಿನ ಕೋಣೆಯಲ್ಲಿ, ನಮ್ಮ ಹೊಗೆಯಲ್ಲಿ, ನಮ್ಮ ಕೊಡದ ನೀರು ಕುಡಿದುಕೊಂಡು ಇದ್ದುಬಿಟ್ಟ. ಇದನ್ನು ಅಜ್ಜಿಗೆ ಒಮ್ಮೆ ಹೇಳಬೇಕಿತ್ತು ಎಂದು ಈ ವಯಸ್ಸಿನಲ್ಲೂ ಅನ್ನಿಸುತ್ತದೆ. ಹೇಳಿದ್ದರೆ ಒಪ್ಪುತ್ತಿದ್ದರೇ? “ಅದರಾಗೇನೈತೆ ದೊಡ್ಡದು? ಹಸೀ ಬಾಣಂತಿ ಬಿಟ್ಟು ಹೆಂಗೆ ಬರಾದು?” ಎಂದು ನನ್ನನ್ನೇ ಬೈಯುತ್ತಿದ್ದರು.