ಪಾಕದ ತವನಪ್ಪ

ಕಲ್ಲೋಳಿಯ ಸುತ್ತ ಎಲ್ಲಿ ಬೆಲ್ಲದ ಗಾಣ ಹೂಡಿದರೂ ಪಾಕ ನೋಡಲು ತವನಪ್ಪನೇ ಬರಬೇಕಿತ್ತು. ಕುದಿಯುವ ಕೊಪ್ಪರಿಗೆಯಿಂದ ಒಂದಿಷ್ಟು ಪಾಕ ತೆಗೆದು ತಣ್ಣೀರಿಗೆ ಹಾಕಿ, ಬೆರಳಲ್ಲಿ ಉಂಡೆ ಕಟ್ಟಿ, ಹಿತ್ತಾಳೆ ತಂಬಿಗೆಗೆ ಬಡಿಯುತ್ತಿದ್ದ. ಸಪ್ಪಳ ಸರಿ ಬಂತೋ, "ಇಳಸ್ರಿ!" ಎನ್ನುತ್ತಿದ್ದ. ಆ ಒಂದು ಮಾತಿಗೆ ಎಂಟು ಆಳು ಕೊಪ್ಪರಿಗೆಗೆ ಕೈ ಹಚ್ಚುತ್ತಿದ್ದರು. ತುಸು ಮೊದಲಾದರೆ ಬೆಲ್ಲ ಕಟ್ಟದು, ತುಸು ತಡವಾದರೆ ಸೀದು ಕರಿ. ಗಾಣದ ಒಡೆಯ ಎಷ್ಟೇ ದೊಡ್ಡವನಿರಲಿ, ಆ ಹೊತ್ತಿಗೆ ಅಲ್ಲಿ ದೊರೆ ತವನಪ್ಪ.

೧೯೩೪ರ ಬೇಸಿಗೆಯಲ್ಲಿ ಹೂಳು ತೆಗೆಯಲು ಬಾವಿಗೆ ಇಳಿಯುವಾಗ ಹಗ್ಗ ಹರಿದು ಕಲ್ಲಿನ ಮೆಟ್ಟಿಲ ಮೇಲೆ ಬೆನ್ನಡಿಯಾಗಿ ಬಿದ್ದ. ಆರು ತಿಂಗಳು ಮಲಗಿ, ಕೋಲು ಹಿಡಿದು ಎದ್ದು ನಿಂತಾಗ ಊರೆಲ್ಲ ದೇವರು ಉಳಿಸಿದ ಎಂದಿತು. ಉಳಿಸಿದ್ದು ಖರೆ. ಟೊಂಕದ ಕೆಳಗೆ ಏನು ಉಳಿಸಿದ ಎಂದು ಮಾತ್ರ ಯಾರೂ ಕೇಳಲಿಲ್ಲ. ಹಗಲಿಡೀ ಕಾಲಿಗೆ ಮೆಣಸಿನಕಾಯಿ ಅರೆದು ಹಚ್ಚಿದ ಉರಿ. ಧೋತರದ ಅಂಚು ತಾಗಿದರೂ ಜೀವ ಹೋಗುತ್ತಿತ್ತು. ಬಿಸಿಲಿಗೆ ಹಣೆ ಬೆವರಿದರೂ ಟೊಂಕದ ಕೆಳಗೆ ಹನಿ ಬೆವರಿಲ್ಲ. ಮೈ ಒಳಗೇ ಕಾದು ಕಾಲು ಕುಸಿಯುತ್ತಿದ್ದವು. ಹುಣ್ಣಿಗಾದರೆ ನೊಣವಾದರೂ ಸಾಕ್ಷಿ ಹೇಳುತ್ತದೆ. ಕಾಣದ ನೋವಿಗೆ ಊರು ಇಟ್ಟ ಹೆಸರು ಸೋಗು.

ಹುಕ್ಕೇರಿಯ ವೈದ್ಯರು ಅಫೀಮಿನ ಗುಳಿಗೆ ಕೊಟ್ಟರು. ಜೇನಿನಲ್ಲಿ ಅರೆದದ್ದನ್ನು ಜೈನನಾದ ಆತ ಮುಟ್ಟಲಿಲ್ಲ. ವೀಳ್ಯದೆಲೆಯ ರಸದಲ್ಲಿ ಬೇರೆ ಕಟ್ಟಿಸಿಕೊಂಡ. ನುಂಗಿದರೆ ಉರಿ ದೂರ ಸರಿಯುತ್ತಿತ್ತು, ಅದರ ಬೆನ್ನಿಗೆ ಬುದ್ಧಿಯೂ. ಬಾಯಿ ಒಣಗಿ, ಹೊಟ್ಟೆ ಕಲ್ಲಾಗಿ, ಕೂತಲ್ಲೇ ತೂಕಡಿಸುತ್ತಿದ್ದ.

ಮರುವರ್ಷ ಗಾಣದ ಒಡೆಯ ರಾವಸಾಹೇಬ ತಾನೇ ಮನೆಗೆ ಬಂದು ಕರೆದ. ಒಲೆಯ ಝಳ ತಡೆಯಲೆಂದು ತವನಪ್ಪ ಎರಡು ಗುಳಿಗೆ ನುಂಗಿ ಹೋದ. ಉಂಡೆ ಬಡಿದ. ಸಪ್ಪಳ ಕೇಳಿತು, ಬೇರೆ ಯಾರದೋ ಮನೆಯಲ್ಲಿ ಆದ ಹಾಗೆ. ಮಾತು ನಾಲಿಗೆಗೆ ಬರುವಷ್ಟರಲ್ಲಿ ಪಾಕ ಸೀದು ನಾರುತ್ತಿತ್ತು.

"ಇರ್ಲಿ ಬಿಡೊ ತವನಪ್ಪ. ಇನ್ನ ನೀ ಮನ್ಯಾಗ ಆರಾಮ ಇರು," ಎಂದ ರಾವಸಾಹೇಬ. ಬೈದಿದ್ದರೆ ವಾಸಿಯಿತ್ತು.

ಎರಡು ದಿನ ಗೋಡೆಗೆ ಮುಖ ಮಾಡಿ ಮಲಗಿದವನ ಹತ್ತಿರ ಹೆಂಡತಿ ಜಿನ್ನವ್ವ ಬಂದು ಕೂತಳು. "ಗುಳಿಗಿ ನುಂಗಿದ್ರ ಕಿವಿ ಮಂದ, ನುಂಗಲಿಲ್ಲಂದ್ರ ಒಲಿ ಮುಂದ ಕಾಲ ನಿಲ್ಲೂದಿಲ್ಲ. ಕಿವಿ ನಿಮ್ಮದಿರ್ಲಿ, ಕೈ ನಂದಿರ್ಲಿ."

ಪಾಕಕ್ಕೆ ಹೆಂಗಸರ ಕೈ ತಾಗಬಾರದೆಂಬುದು ಗಾಣದ ಕಟ್ಟಳೆ. ಆದರೂ ತವನಪ್ಪ ಕೋಲೂರಿ ಹೋಗಿ ಕೇಳಿದ. "ಒಂದ ಕೊಪ್ಪರಿಗಿ ಕೊಡ್ರಿ ಸಾವಕಾರ. ಉಂಡಿ ಜಿನ್ನವ್ವ ಬಡೀತಾಳ, ಸಪ್ಪಳ ನಾ ಕೇಳ್ತೀನಿ. ಅದೂ ಕೆಟ್ರ ಮತ್ತ ಈ ಕಡಿ ಬರಂಗಿಲ್ಲ."

ರಾವಸಾಹೇಬ ನಡುಗುವ ಆ ಕಾಲುಗಳನ್ನು ನೋಡಿ ಒಪ್ಪಿದ.

ತವನಪ್ಪ ದೂರದ ಬೇವಿನ ನೆರಳಲ್ಲಿ ಹೆಗಲ ಮೇಲೆ ಒದ್ದೆ ಬಟ್ಟೆ ಹೊದ್ದು ಕೂತ. ಒಲೆಯ ಹತ್ತಿರ ಜಿನ್ನವ್ವ ಉಂಡೆ ಕಟ್ಟಿ ಬಡಿದಳು. ಒಂದು ಸಲ, ಎರಡು ಸಲ, ಮೂರನೇ ಸಲ. "ಇಳಸ್ರಿ!" ಎಂದು ಬೇವಿನ ಬುಡದಿಂದ ತವನಪ್ಪ ಕೂಗಿದ. ಅಂದಿನ ಬೆಲ್ಲ ಬಂಗಾರದ ಬಣ್ಣಕ್ಕೆ ಬಂತು. ಕಟ್ಟಳೆಯ ಮಾತು ಮತ್ತೆ ಯಾರೂ ಎತ್ತಲಿಲ್ಲ. ಮೂರು ಹಂಗಾಮು ಹೀಗೇ ನಡೆಯಿತು. ಕಿವಿ ಚುರುಕಿರಲೆಂದು ಗಾಣದ ದಿನ ಆತ ಸಂಜೆಯವರೆಗೆ ಗುಳಿಗೆ ಮುಟ್ಟುತ್ತಿರಲಿಲ್ಲ. ಕೋಲಿನ ಹಿಡಿಯ ತುಂಬ ಆತನ ಹಲ್ಲಿನ ಗುರುತು ಬಿದ್ದವು.

ನಾಲ್ಕನೇ ಹಂಗಾಮಿನ ಒಂದು ಮಧ್ಯಾಹ್ನ ಉರಿ ನೆತ್ತಿಗೇರಿತ್ತು. ತಂಬಿಗೆಯ ಸಪ್ಪಳ ಬಂತು. ಆತ ಬಾಯಿ ತೆರೆಯುವ ಮೊದಲೇ ಜಿನ್ನವ್ವ ಕೂಗಿದಳು, "ಇಳಸ್ರಿ!"

ಕೂಗಿ ನಾಲಿಗೆ ಕಚ್ಚಿಕೊಂಡಳು. ಎಂಟೂ ಆಳು ಬೇವಿನ ಮರದ ಕಡೆ ನೋಡಿದರು.

"ಅಕಿ ಹೇಳಿದ್ದು ಕೇಳಲಿಲ್ಲೇನ್ರೋ? ಇಳಸ್ರಿ!" ಎಂದ ತವನಪ್ಪ.

ಬೆಲ್ಲ ಅಚ್ಚಿಗೆ ಬಿದ್ದ ಮೇಲೆ ಜಿನ್ನವ್ವ ಓಡಿ ಬಂದಳು. "ತಪ್ಪಾತೇನ್ರಿ?"

"ಇಲ್ಲ. ನನಗಿಂತ ಮೊದಲ ಕೇಳ್ದಿ." ಆತನ ಕಣ್ಣು ತುಂಬಿತು. ಇದ್ದೊಂದು ದೊರೆತನ ಹೋದದ್ದಕ್ಕೆ ದುಃಖವಾಯಿತು, ಇನ್ನು ಸಹಿಸಬೇಕಾಗಿಲ್ಲ ಎಂದು ಹಗುರವೂ ಆಯಿತು. "ಗುಳಿಗಿ ಐತೇನು?"

ಹೊತ್ತು ಮುಳುಗುವ ಮೊದಲು ಕೊಡಬೇಕಾದ ಗುಳಿಗೆ ಅವಳ ಸೆರಗಿನ ಗಂಟಿನಲ್ಲಿತ್ತು. ಅವಳು ಬಿಚ್ಚಿ ಕೊಟ್ಟು, ನೀರು ಕುಡಿಸಿ, ಒಲೆಯ ಕಡೆ ಹೋದಳು. ತವನಪ್ಪ ಬೇವಿಗೆ ಒರಗಿ ಕಣ್ಣು ಮುಚ್ಚಿದ. ಎರಡನೇ ಕೊಪ್ಪರಿಗೆಯ "ಇಳಸ್ರಿ" ಆತನಿಗೆ ಕೇಳಿಸಲಿಲ್ಲ.